ಸ್ಕ್ಯಾನಿಂಗಿಗೆ ನಡೆದೇ ಹೋಗೋಣ

ಸೊಂಟದ ಕೀಲು ಬದಲಾಯಿಸಿಕೊಂಡವರನ್ನು ಮತ್ತೆ ನಡೆಸುವುದು ಆಸ್ಪತ್ರೆಯಲ್ಲಿ ನನ್ನ ಕೆಲಸ. ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ. ರೋಗಿಯ ತೋಳು ಹಿಡಿದಾಗಲೆಲ್ಲ ಸರಿಯಾಗಿ ಹಿಡಿದೆನೇ ಎಂಬ ಅಳುಕು ಇಂದಿಗೂ ಹೋಗಿಲ್ಲ.

ಆ ತಿಂಗಳು ವಿಮೆಯವರು ಆಸ್ಪತ್ರೆಗೆ ಕೊಡುವ ದರ ಬದಲಿಸಿದರು. ನಡೆಸುವುದಕ್ಕೆ ಕೊಡುತ್ತಿದ್ದದ್ದು ಅರ್ಧಕ್ಕಿಳಿಯಿತು, ಸ್ಕ್ಯಾನಿಂಗಿನದು ಏರಿತು. ಮ್ಯಾನೇಜರ್ ನಮ್ಮನ್ನು ಕರೆದು, "ಇನ್ಮೇಲೆ ಮಂಚದಿಂದ ಬಾಗಿಲವರೆಗೆ ನಡೆಸಿದ್ರೆ ಸಾಕು. ಮೆಟ್ಟಿಲು ಬೇಡ," ಎಂದರು. "ನಾನೇನ್ ಮಾಡ್ಲಮ್ಮ, ನಿಮ್ಮ ಸಂಬಳ ಆಕಾಶದಿಂದ ಉದುರುತ್ತಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಕಿಟಕಿ ಪಕ್ಕದ ಮಂಚದಲ್ಲಿ ದರ್ಜಿ ಅಜ್ಜಿ ಇದ್ದರು. ಅವರ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಹತ್ತಲಾಗದಿದ್ದರೆ ಮನೆ ಖಾಲಿ ಮಾಡಿ ವೃದ್ಧಾಶ್ರಮಕ್ಕೆ ಸೇರಿಸುವುದೇ ಸರಿ ಎಂದು ಮಗ ಆಗಲೇ ಹೇಳಿಬಿಟ್ಟಿದ್ದ. ಮೆಟ್ಟಿಲು ಹತ್ತಿಸಬಹುದು ಎಂದು ಡಾಕ್ಟರೇ ಬರೆದಿದ್ದರು; ಬೇಡವೆಂದದ್ದು ದರ.

"ಇವತ್ತೂ ಸ್ಕ್ಯಾನಿಂಗಾ?" ಅಜ್ಜಿ ಕೇಳಿದರು. "ಮೊನ್ನೆ ತಾನೇ ನೋಡಿದ್ರಲ್ಲ. ಒಳಗೆ ನಿಧಿಗಿಧಿ ಕಾಣಿಸ್ತೇನೇ?"

ಸ್ಕ್ಯಾನಿಂಗ್ ಕೋಣೆ ಕೆಳಗಿನ ಮಹಡಿಯಲ್ಲಿತ್ತು. ಆಯಾ ಗಾಲಿಕುರ್ಚಿ ತಂದು ನಿಲ್ಲಿಸಿದಳು. ನನಗೆ ಆ ಧೈರ್ಯ ಎಲ್ಲಿಂದ ಬಂತೋ.

"ಕುರ್ಚಿ ಲಿಫ್ಟಲ್ಲಿ ಬರ್ಲಿ," ಎಂದೆ. "ನಾವು ನಡೆದೇ ಹೋಗೋಣ ಅಜ್ಜಿ."

ಕಂಬಿ ಹಿಡಿದು, ಆಪರೇಷನ್ ಆದ ಕಾಲು ಮೊದಲಿಟ್ಟು ಇಳಿದೆವು. "ಇಷ್ಟು ಬಿಗಿ ಹಿಡೀಬೇಡ್ವೇ, ತೋಳಿಗೂ ಆಪರೇಷನ್ ಆಗ್ಬೇಕಾದೀತು," ಎಂದರು ಅಜ್ಜಿ.

ಸ್ಕ್ಯಾನಿಂಗ್ ಮುಗಿಸಿ ವಾಪಸ್ ಹತ್ತುವಾಗ ಮ್ಯಾನೇಜರ್ ಎದುರಾದರು.

"ಏನಿದು? ಮೆಟ್ಟಿಲು ಬೇಡ ಅಂದಿರ್ಲಿಲ್ವಾ?"

"ಸ್ಕ್ಯಾನಿಂಗಿಂದ ಕರ್ಕೊಂಡು ಬರ್ತಿದ್ದೀನಿ ಸಾರ್."

"ಅದಕ್ಕೆ ಕುರ್ಚಿ ಇಲ್ವಾ?"

"ಕುರ್ಚಿಗೆ ಓಡಾಟ ಕಲಿಸ್ಬೇಕಾಗಿಲ್ಲಪ್ಪ, ಅದಕ್ಕಾಗ್ಲೇ ಬರುತ್ತೆ," ಅಜ್ಜಿ ಏದುಸಿರಿನಲ್ಲೇ ಹೇಳಿದರು. "ದಾರಿ ಬಿಡು, ನಿಂತ್ರೆ ಕಾಲು ಮರಗಟ್ಟುತ್ತೆ."

ಮ್ಯಾನೇಜರ್ ನನ್ನತ್ತ ತಿರುಗಿದರು. "ನಾಳೆ ನನ್ನ ರೂಮಿಗೆ ಬನ್ನಿ."

"ಬರ್ತೀನಿ ಸಾರ್. ನಾಳೇನೂ ಇವ್ರನ್ನ ಮೆಟ್ಟಿಲು ಹತ್ತಿಸಿಯೇ ಬರ್ತೀನಿ."

ಅಜ್ಜಿಯ ತೋಳು ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟೆ. ಮ್ಯಾನೇಜರ್ ಗೋಡೆಗೆ ಸರಿದು ದಾರಿ ಬಿಟ್ಟರು.

ನಮ್ಮ ವಾರ್ಡಿನ ಬಾಗಿಲು ಬಂತು. ಅಜ್ಜಿ ಕಂಬಿ ಬಿಡಲಿಲ್ಲ. ಸ್ವಲ್ಪ ಹೊತ್ತು ಉಸಿರು ತಿರುಗಿಸಿಕೊಂಡರು.

"ಇಲ್ಲೇ ಅಜ್ಜಿ, ನಮ್ಮ ವಾರ್ಡು," ಎಂದೆ.

"ಗೊತ್ತಮ್ಮ. ನನ್ನ ಮನೆ ಇನ್ನೂ ಮೇಲಿದೆ. ನಡಿ."

ವಾರ್ಡಿನ ಬಾಗಿಲು ದಾಟಿ ನಾವು ಮೇಲೆ ಹತ್ತತೊಡಗಿದೆವು.