ಅಕ್ಕನ ಸಾವಿಗೆ ಕೊಂಡ ಪ್ಲೇಯರ್

ಆ ಪ್ಲೇಯರ್ ಕೊಳ್ಳಲು ಹೋದ ದಿನ ನನ್ನ ಅಕ್ಕ ಬುರುಲ್ಚಾ ಬದುಕಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಹೇಸಿಗೆಯೆಲ್ಲ ಇಲ್ಲಿಂದಲೇ ಶುರುವಾಗುವುದು. ಬೆಳಿಗ್ಗೆ ಕೊಚ್ಕೋರ್ ಸೀಮೆಯ ನಮ್ಮ ಊರಿನಲ್ಲಿ ಹಾಸಿಗೆಯಲ್ಲೇ ಎರಡು ಗುಟುಕು ಮಾಂಸದ ಸಾರು ಕುಡಿದು, ಉಪ್ಪು ಕಮ್ಮಿಯಾಯಿತೆಂದು ನನ್ನನ್ನು ಬೈದಿದ್ದಳು. ಮಧ್ಯಾಹ್ನ ರಾಜಧಾನಿ ಬಿಷ್ಕೆಕ್‌ನ ಬಜಾರಿನಲ್ಲಿ ಅವಳ ಒಬ್ಬಳೇ ಮಗಳು ಸಾಲ್ಕಿನ್, ತಾಯಿಯ ಸಾವಿಗೆ ಯಾವ ಯಂತ್ರ ಒಳ್ಳೆಯದೆಂದು ಆರಿಸುತ್ತ ನಿಂತಿದ್ದಳು. ಪಕ್ಕದಲ್ಲಿ ನಾನೂ ನಿಂತಿದ್ದೆ.

ನಮ್ಮಲ್ಲಿ ಸಾವಾದಾಗ ಹೆಂಗಸರು ಸುಮ್ಮನೆ ಅತ್ತರೆ ಸಾಲದು, ಹಾಡಿ ಅಳಬೇಕು. ಅದಕ್ಕೆ ಕೊಶೋಕ್ ಅನ್ನುತ್ತೇವೆ. ಅಂಗಳದಲ್ಲಿ ಉಣ್ಣೆಯ ಡೇರೆ ಹಾಕಿ, ಪರದೆಯ ಹಿಂದೆ ಹೆಣ ಮಲಗಿಸುತ್ತಾರೆ. ಮಗಳು, ತಂಗಿ, ಸೊಸೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾರೆ. ನೆಂಟರ ಒಂದೊಂದು ಗುಂಪು ಬಂದಾಗಲೂ ಹೊಸದಾಗಿ ದನಿ ಎತ್ತಬೇಕು, ಬಂದವರು ಯಾರೋ ಅವರಿಗೆ ತಕ್ಕ ಮಾತು ಹಾಡಿನಲ್ಲಿ ಬರಬೇಕು. ಕರುಳಿನ ನಂಟಿರುವವಳು ಎತ್ತಿಕೊಡದೆ ಊರಿನ ಹೆಂಗಸರು ದನಿಗೂಡಿಸುವಂತಿಲ್ಲ. ಈ ಕೆಲಸದಲ್ಲಿ ನಾನು ನಲವತ್ತು ವರ್ಷದಿಂದ ಹೆಸರು ಮಾಡಿದವಳು. ಊಲ್ಕಾನ್ ಅತ್ತರೆ ಕಲ್ಲೂ ಕರಗುತ್ತದೆ ಅನ್ನುತ್ತಾರೆ. ಕಲ್ಲಿನ ವಿಷಯ ನನಗೆ ಗೊತ್ತಿಲ್ಲ, ಹೊಗಳಿದರೆ ನಾನಂತೂ ಕರಗುತ್ತೇನೆ.

ಸಾಲ್ಕಿನ್ ಪಟ್ಟಣದ ಹಾಸ್ಟೆಲಿನಲ್ಲಿ ಬೆಳೆದವಳು, ಈಗ ಬ್ಯಾಂಕಿನಲ್ಲಿ ಕೆಲಸ. ಮೂರು ವರ್ಷದ ಹಿಂದೆ ಅವಳ ಅಪ್ಪ ಸತ್ತಾಗ ಕರವಸ್ತ್ರದಲ್ಲಿ ಮೂಗೊರೆಸಿಕೊಳ್ಳುತ್ತ ಮೂರು ದಿನ ಕೂತಿದ್ದಳೇ ಹೊರತು ಬಾಯಿಂದ ಒಂದು ಸಾಲು ಹೊರಡಲಿಲ್ಲ. ಹೆತ್ತವರು ಸತ್ತರೆ ಕುರಿಮರಿಯಾದರೂ ಬ್ಯಾ ಅನ್ನುತ್ತದೆ ಎಂದು ಊರಿನ ಹೆಂಗಸರು ಆಡಿಕೊಂಡರು. ಅದು ಅಕ್ಕನ ಕಿವಿಗೂ ಬಿತ್ತು. ಅವಳಿಗೆ ಸಾವಿನ ಭಯವಿರಲಿಲ್ಲ, ಹಾಡಿಲ್ಲದೆ ಮಣ್ಣಿಗೆ ಹೋಗುವ ಭಯವಿತ್ತು. ಗಂಡುಮಕ್ಕಳಿಲ್ಲ, ಸೊಸೆಯರಿಲ್ಲ. ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನ ಕೈ ಹಿಡಿದುಕೊಂಡಳು.

"ನೀನು ಹಾಡೋದು ಇದ್ದಿದ್ದೇ ಊಲ್ಕಾನ್, ನೀನು ಯಾರಿಗೂ ಹಾಡ್ತೀಯ. ನಂಗೆ ಅವಳ ದನಿ ಬೇಕು ಕಣೆ. ಎರಡೇ ಸಾಲಾದ್ರೂ ಕಲಿಸಿಕೊಡು."

ಕಲಿಸಿದೆ. ವಸಂತಕಾಲವಿಡೀ ಕಲಿಸಿದೆ. ಹುಡುಗಿ ಪರೀಕ್ಷೆಗೆ ಓದುವವಳಂತೆ ನೋಟುಬುಕ್ಕಿನಲ್ಲಿ ಬರೆದುಕೊಂಡಳು, ಮೂರು ಸಾಲು ಹಾಡಿ ನಾಲ್ಕನೆಯದಕ್ಕೆ ಮಿಕಿಮಿಕಿ ನೋಡಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು. ನಾನು ಹಾಡಿದ್ದನ್ನು ಸಿಡಿಗೆ ಹಾಕಿಸುವುದಂತೆ. ಇವಳು ಕಪ್ಪು ತಲೆವಸ್ತ್ರದ ಕೆಳಗೆ ಕಿವಿಗೆ ತಂತಿ ಸಿಕ್ಕಿಸಿಕೊಂಡು, ಕೇಳಿಸಿದ್ದನ್ನು ಕೇಳಿಸಿದಂತೆ ಹಾಡುವುದಂತೆ.

ನಾನು ಥೂ ಅಂದೆ. ಬದುಕಿರುವವಳಿಗೆ ಕೊಶೋಕ್ ಹಾಡಿದರೆ ನಾಲಿಗೆಗೆ ಹುಳ ಬೀಳುತ್ತದೆ ಅಂದೆ. ಚಿಕ್ಕವಳಿದ್ದಾಗ ಹಾಲು ಕರೆಯುತ್ತ ಸುಮ್ಮನೆ ಅದರ ಧಾಟಿ ಗುನುಗಿದ್ದಕ್ಕೆ ನನ್ನ ಅವ್ವ ಕೆನ್ನೆಗೆ ಬಾರಿಸಿದ್ದಳು.

"ಅಮ್ಮನ ಆಸೆ ತೀರಬೇಕೋ ಬೇಡವೋ ಚಿಕ್ಕಮ್ಮ?" ಎಂದಳು ಸಾಲ್ಕಿನ್. "ನಾನು ಬಾಯಿ ಬಿಡದೆ ಕೂತ್ರೆ ಊರೋರು ನನ್ನೊಬ್ಬಳನ್ನೇ ಬೈಯಲ್ಲ. ಊಲ್ಕಾನ್‌ಗೆ ಸ್ವಂತ ಅಕ್ಕನ ಮಗಳಿಗೆ ಕಲಿಸೋಕಾಗ್ಲಿಲ್ಲ ಅಂತಾರೆ."

ಬಾಣ ನೆಟ್ಟಗೆ ತಗುಲಿತು. ನಾನು ವ್ಯಾನು ಹತ್ತಿದೆ.

ಬಜಾರಿನ ಅಂಗಡಿಯವನು ಮೂರು ಬಗೆಯವನ್ನು ಮುಂದಿಟ್ಟ. ಒಂದು ಬರೀ ಮಾಮೂಲಿ ಸಿಡಿ ಹಾಡುವುದು, ಅಗ್ಗದ್ದು, ಸ್ವಲ್ಪ ಅಲ್ಲಾಡಿದರೆ ಹಾಡು ಕಡಿಯುತ್ತದೆ. ಇನ್ನೊಂದು ಹೆಬ್ಬೆರಳಿನಷ್ಟಿದೆ, ಸಿಡಿಯೇ ಬೇಡ, ಕಂಪ್ಯೂಟರಿನಿಂದ ತುಂಬಿಸಿಕೊಳ್ಳಬೇಕು. ಮೂರನೆಯದು ಎರಡಕ್ಕೂ ಸೈ, ಮಾಮೂಲಿ ಸಿಡಿಯನ್ನೂ ಹಾಡುತ್ತದೆ, ಒಂದೇ ಸಿಡಿಯಲ್ಲಿ ನೂರೈವತ್ತು ಹಾಡು ತುಂಬಿದ ಡಿಜಿಟಲ್ ಡಿಸ್ಕನ್ನೂ ಹಾಡುತ್ತದೆ, ಓಡಿದರೂ ಕುಣಿದರೂ ನಿಲ್ಲುವುದಿಲ್ಲ. ಹುಡುಗಿ ಸೊಸೆ ಆರಿಸುವವಳಂತೆ ಮೂರನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ಹೆಬ್ಬೆರಳಿನದರ ಗುಂಡಿಗಳು ಬಟ್ಟೆಯ ಕೆಳಗೆ ಬೆರಳಿಗೆ ಸಿಗುವುದಿಲ್ಲವೆಂದು ಬದಿಗಿಟ್ಟಳು. ಮೂರನೆಯದರ ಗುಂಡಿ ದಪ್ಪ, ಕಣ್ಣು ಮುಚ್ಚಿಯೂ ಒತ್ತಬಹುದು. ಆದರೆ ಒಳಗೆ ಡಿಸ್ಕು ತಿರುಗುವ ಸದ್ದು ಹೊರಗೆ ಕೇಳುತ್ತದೆಯೇ? ತಂತಿ ಕಪ್ಪುಬಣ್ಣದ್ದು ಸಿಗುತ್ತದೆಯೇ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಹಾಡಿನ ಒಂದೇ ತುಣುಕನ್ನು ಮತ್ತೆ ಮತ್ತೆ ಹಾಡಿಸಬಹುದೇ?

ಇಂಗ್ಲಿಷ್ ಕಲಿಯೋಕಾ ಅಕ್ಕ, ಎಂದು ಅಂಗಡಿಯವನು ಕೇಳಿದ. ಹೂಂ, ಪಾಠಕ್ಕೆ, ಎಂದಳು ಇವಳು.

ಆಮೇಲೆ ಕೈಚೀಲದಿಂದ ಕಪ್ಪು ತಲೆವಸ್ತ್ರ ತೆಗೆದು ಹೊದ್ದುಕೊಂಡಳು. ಮೂರನೆಯದರ ತಂತಿ ಕಿವಿಗೆ ಹಾಕಿಕೊಂಡಳು. ಅಂಗಡಿಯ ಸ್ಟೂಲಿನ ಮೇಲೆ ಕೂತು, ಹೆಣದ ಮುಂದೆ ಹೆಂಗಸರು ತೂಗುವ ಹಾಗೆ ಮುಂದಕ್ಕೂ ಹಿಂದಕ್ಕೂ ತೂಗಿ, ಹಾಡು ಕಡಿಯುತ್ತದೋ ಇಲ್ಲವೋ ನೋಡಿದಳು. ಕೆನ್ನೆ ಪರಚಿಕೊಳ್ಳುವಂತೆ ಕೈ ಎತ್ತಿ ತಂತಿ ಸಿಕ್ಕಿಕೊಳ್ಳುತ್ತದೋ ನೋಡಿದಳು. ಕನ್ನಡಿ ಕೇಳಿದಳು. ಅಂಗಡಿಯವನು ನಗುತ್ತ ಕೊಟ್ಟ.

"ಕಾಣುತ್ತಾ ಚಿಕ್ಕಮ್ಮ?"

ಕಾಣುವುದಿಲ್ಲ ಎಂದೆ. ಎಡಗಡೆ ಇನ್ನೊಂದಿಷ್ಟು ಮುಂದಕ್ಕೆಳೆದುಕೋ ಎಂದೂ ಹೇಳಿದೆ. ಇಂಥ ಬಾಯಿ ನನ್ನದು.

ಅದನ್ನೇ ಕೊಂಡು ಧ್ವನಿಮುದ್ರಣಕ್ಕೆ ಹೋದೆವು. ಕೋಣೆ ಒಂದು ನೆಲಮಾಳಿಗೆ. ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟು ಅಂಟಿಸಿದ್ದರು, ಕಿವಿಗೆ ಓಲೆ ಹಾಕಿದ ಒಬ್ಬ ತರುಣ ಗಾಜಿನಾಚೆ ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತ ಕೂತಿದ್ದ. ಏಳು ತುಂಡು ಹಾಡಿದೆ. ಅಪ್ಪನ ಕಡೆಯ ನೆಂಟರು ಬಂದರೆ ಒಂದು, ಊರಿನವರಿಗೆ ಒಂದು, ಗೆಳತಿಯರಿಗೆ ಒಂದು, ಹೀಗೆ. ಕೊನೆಯದು ಅಕ್ಕನ ತವರಿನವರಿಗೆ, ಅಂದರೆ ನಮ್ಮ ಅಣ್ಣನಿಗೆ. ಹೆಂಗಸು ಸತ್ತರೆ ತವರಿನವರೇ ದೊಡ್ಡವರು. ಅವರು ಬರದೆ ಹೆಣ ಎತ್ತುವಂತಿಲ್ಲ. ಎರಡನೆಯ ತುಂಡು ಮುಗಿದಾಗ ಆ ತರುಣ, ಅಜ್ಜಿ, ಇನ್ನೊಂದ್ಸಲ ಮಾಡೋಣ, ಸ್ವಲ್ಪ ಜಾಸ್ತಿ ದುಃಖ ಇರ್ಲಿ, ಎಂದ. ಅವನ ಮುಖಕ್ಕೆ ಉಗಿಯಬೇಕಿತ್ತು. ಬದಲಿಗೆ ದುಃಖ ಜಾಸ್ತಿ ಮಾಡಿ ಹಾಡಿದೆ. ಬುರುಲ್ಚಾ ಎಂದು ಹೆಸರು ಹಿಡಿದು ಕೂಗಿದೆ, ಮಣ್ಣು ನಿನಗೆ ಮೆತ್ತಗಿರಲಿ ಎಂದೆ. ಏಳನೆಯದಕ್ಕೆ ಅವನೇ ಕಣ್ಣೊರೆಸಿಕೊಂಡ. ಅದನ್ನು ನೋಡಿ ನನಗೆ ಸಂತೋಷವಾಯಿತು. ಅಕ್ಕ ಅಲ್ಲಿ ಉಸಿರಾಡುತ್ತಿದ್ದಾಳೆ, ಇಲ್ಲಿ ನಾನು ಅವಳನ್ನು ಹೂಳಿ ಹೆಮ್ಮೆಪಡುತ್ತಿದ್ದೇನೆ.

ಸಾಲ್ಕಿನ್ ಕೆಲಸಕ್ಕೆ ರಜೆ ಹಾಕಿ ಊರಿಗೆ ಬಂದಳು. ಊರಿನವರು ಮೆಚ್ಚಿದರು, ಹಗಲೂ ರಾತ್ರಿ ತಾಯಿಯ ಹಾಸಿಗೆ ಬಿಡುವುದಿಲ್ಲ ಎಂದರು. ಬಿಡುತ್ತಿರಲಿಲ್ಲ, ನಿಜ. ಕಿವಿಗೆ ತಂತಿ ಹಾಕಿಕೊಂಡು, ಕಣ್ಣು ಮುಚ್ಚಿಕೊಂಡು, ತುಟಿಯಲ್ಲೇ ಅಭ್ಯಾಸ ಮಾಡುತ್ತ ಕೂತಿರುತ್ತಿದ್ದಳು. ಏನು ಕೇಳ್ತಿದೀಯ ಮಗಳೇ ಎಂದು ಅಕ್ಕ ಒಮ್ಮೆ ಕೇಳಿದಾಗ ಹಾಡು ಅಂದಳಂತೆ.

ಒಂದು ಸಂಜೆ ನಾನು ಹಾಲು ಕರೆದುಕೊಂಡು ಒಳಗೆ ಬಂದೆ. ಮನೆ ನಿಶ್ಶಬ್ದವಾಗಿತ್ತು. ಹುಡುಗಿ ಎಂದಿನಂತೆ ಕಣ್ಣು ಮುಚ್ಚಿ ತೂಗುತ್ತಿದ್ದಳು, ಸದ್ದು ಹೆಚ್ಚಿಗೆ ಮಾಡಿಕೊಂಡಿದ್ದಳು. ಆ ಕಿವಿತಂತಿಯಿಂದ ಸೊಳ್ಳೆಯಷ್ಟು ಸಣ್ಣಗೆ ನನ್ನ ದನಿ ಹೊರಗೆ ಸೋರುತ್ತಿತ್ತು. ಬುರುಲ್ಚಾ, ಬುರುಲ್ಚಾ, ಮಣ್ಣು ನಿನಗೆ ಮೆತ್ತಗಿರಲಿ. ಅಕ್ಕನ ಕಣ್ಣು ತೆರೆದಿತ್ತು. ಸೂರು ನೋಡುತ್ತ ಕೇಳಿಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು ಸಾವಕಾಶವಾಗಿ ತಲೆ ಹೊರಳಿಸಿದಳು.

"ಊಲ್ಕಾನ್, ನಾನು ಹೋಗಾಯ್ತಾ?" ಎಂದು ಕೇಳಿದಳು.

ಇಲ್ಲ ಅಕ್ಕ, ಇಲ್ಲೇ ಇದೀಯ, ಎಂದು ನಾನು ಹೇಳಬೇಕಿತ್ತು. ಹಾಲಿನ ಬಕೆಟ್ಟು ಹಿಡಿದು ನಿಂತೇ ಇದ್ದೆ. ಅವಳು ಮತ್ತೆ ಮಾತಾಡಲಿಲ್ಲ. ಮರುದಿನ ಬೆಳಗಿನ ಚಹಾದ ಹೊತ್ತಿಗೆ ಹೋದಳು. ಮಗಳಿಗೆ ಆ ಪ್ರಶ್ನೆ ಕೇಳಿಸಿರಲೇ ಇಲ್ಲ.

ಡೇರೆ ಎದ್ದಿತು, ಬಂದವರ ಊಟಕ್ಕೆ ಕುದುರೆ ಕಡಿದರು, ಹೆಂಗಸರು ಅಂಗಳದಲ್ಲಿ ಬಾಣಲೆ ಇಟ್ಟು ಹಿಟ್ಟಿನ ಉಂಡೆ ಕರಿದರು. ಸಾಲ್ಕಿನ್ ಗೋಡೆಗೆ ಮುಖ ಮಾಡಿ, ಮಡಿಲಿನ ಬಟ್ಟೆಯ ಕೆಳಗೆ ಪ್ಲೇಯರ್ ಇಟ್ಟುಕೊಂಡು ಕೂತಳು. ಹೊರಗೆ ಗಂಡಸರ ಗೋಳು ಕೇಳಿದೊಡನೆ, ಬಂದವರು ಯಾರೆಂದು ನಾನು ಪಿಸುಗುಟ್ಟುತ್ತಿದ್ದೆ, ಅವಳು ಗುಂಡಿ ಒತ್ತಿ ತುಂಡು ಆರಿಸುತ್ತಿದ್ದಳು. ಅರ್ಧ ಉಸಿರು ತಡವಾಗಿ, ನನ್ನ ಮಾತು, ನನ್ನ ಧಾಟಿ, ನಾನು ಬಿಕ್ಕುವ ಜಾಗದಲ್ಲಿ ಬಿಕ್ಕು. ಎಲ್ಲಿಯೂ ತಪ್ಪಲಿಲ್ಲ. ಮಗಳು ಅಂದ್ರೆ ಇಂಥವಳು ಎಂದು ಮುದುಕಿಯರು ಗಲ್ಲ ಒರೆಸಿಕೊಂಡರು. ಒಂದು ಗುಂಪು ಹೋಗಿ ಇನ್ನೊಂದು ಬರುವ ನಡುವೆ ಸಾಲ್ಕಿನ್ ಪರದೆಯ ಹಿಂದೆ ಹೋಗಿ, ತಾಯಿಯ ಕಾಲಿನ ಪಕ್ಕ ಕೂತು, ಬ್ಯಾಟರಿ ಬದಲಾಯಿಸಿಕೊಂಡು ಬಂದಳು.

ಇಷ್ಟಾದರೂ ಒಬ್ಬಳಾದರೂ ಕಂಡುಹಿಡಿದು ಛೀಮಾರಿ ಹಾಕುತ್ತಾಳೆಂದು ನನಗೊಂದು ಆಸೆಯಿತ್ತು. ಪಕ್ಕದ ಮನೆಯ ಕಲ್ಬೂಬು ಕಂಡುಹಿಡಿದಳು. ತಲೆವಸ್ತ್ರ ಜಾರಿ ತಂತಿ ಕಂಡಿತಂತೆ. ನನ್ನನ್ನು ಒಲೆಯ ಹತ್ತಿರ ಕರೆದಳು.

"ಎಲ್ಲಿ ಸಿಗುತ್ತೆ ಅದು? ನಮ್ಮತ್ತೆಗೂ ಒಂದು ಹಾಡಿ ಇಟ್ಟಿರು ಊಲ್ಕಾನ್. ಇನ್ನೂ ಗಟ್ಟಿಮುಟ್ಟಾಗಿದ್ದಾಳೆ, ಆದ್ರೂ ಇರ್ಲಿ."

ಒಲೆಗೆ ಸೌದೆ ತಳ್ಳಿ ಬಂದೆ. ಅವಳಿಗೆ ಏನೆಂದು ಬೈಯಲಿ, ದಾರಿ ತೋರಿಸಿದವಳೇ ನಾನು.

ಮೂರನೆಯ ದಿನ ಬೆಳಿಗ್ಗೆ ಡೇರೆಯಲ್ಲಿ ಬಂದವರಿಲ್ಲದ ಹೊತ್ತು. ಅಟ್‌ಬಾಶಿಯಿಂದ ಅಣ್ಣ ಅಸನಾಲಿ ಬರುವುದೊಂದೇ ಬಾಕಿ, ಅವನು ಬಂದ ಮೇಲೆ ಮಣ್ಣು. ಸಾಲ್ಕಿನ್ ಕಿವಿಯಿಂದ ತಂತಿ ತೆಗೆದು ಕಿವಿ ಉಜ್ಜಿಕೊಂಡಳು. ಅವಳ ಮುಖದಲ್ಲಿ ಒಂದು ತೃಪ್ತಿಯಿತ್ತು, ಕೊಟ್ಟ ಕೆಲಸ ಮುಗಿಸಿದವರ ತೃಪ್ತಿ. ಅದನ್ನು ನಾನು ಸಹಿಸಲಾರದೆ ಹೋದೆ.

"ಅಮ್ಮ ಕೊನೇಲಿ ಏನಾದ್ರೂ ಅಂದ್ಲಾ ಚಿಕ್ಕಮ್ಮ?" ಎಂದು ಕೇಳಿದಳು.

ಹೇಳಿಬಿಟ್ಟೆ. ಕಿವಿತಂತಿ ಸೋರಿದ್ದು, ಅಕ್ಕ ಕೇಳಿಸಿಕೊಂಡದ್ದು, ಕೇಳಿದ ಪ್ರಶ್ನೆ, ಒಂದನ್ನೂ ಬಿಡದೆ ಹೇಳಿದೆ. ಮೆತ್ತಗೂ ಹೇಳಲಿಲ್ಲ. ಅವಳು ಮಡಿಲಿನ ಮೇಲಿದ್ದ ಯಂತ್ರ ನೋಡಿದಳು, ಆಮೇಲೆ ಪರದೆ ನೋಡಿದಳು. ಮುಖದ ತೃಪ್ತಿ ಹೋಗಿತ್ತು. ನನಗೆ ಅದರಿಂದಲೂ ಏನೂ ಹಿತವಾಗಲಿಲ್ಲ.

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲುಗಳ ಸದ್ದಾಯಿತು. ಅಣ್ಣನ ಮಕ್ಕಳು ಅಯ್ಯೋ ಅತ್ತೇ ಎಂದು ಗೋಳಾಡುತ್ತ ಬಂದರು, ಅಣ್ಣನ ಒಡೆದ ದನಿ ಅವರಿಗಿಂತ ಮುಂದೆ ಕೇಳಿಸಿತು. ತವರಿನವರು. ಏಳನೆಯ ತುಂಡು. ಸಾಲ್ಕಿನ್ ತಂತಿ ಎತ್ತಿಕೊಂಡಳು, ಕಿವಿಯ ತನಕ ತಂದಳು, ಹಾಕಿಕೊಳ್ಳಲಿಲ್ಲ. ಬಾಯಿ ತೆರೆದಳು. ಅಪ್ಪನ ಸಾವಿನಲ್ಲಿ ಹೊರಡದ ಹಾಗೆಯೇ ಇವತ್ತೂ ಏನೂ ಹೊರಡಲಿಲ್ಲ.

ನಾನು ಎತ್ತಬೇಕಿತ್ತು. ನಲವತ್ತು ವರ್ಷದ ಗಂಟಲು ನನ್ನದು. ಬಾಯಿ ತೆರೆದರೆ ನಾಲಿಗೆಯ ತುದಿಗೆ ಬಂದದ್ದು ಆ ನೆಲಮಾಳಿಗೆಯಲ್ಲಿ ಹಾಡಿದ ಅದೇ ಸಾಲು, ಅದೇ ಬಿಕ್ಕು. ಬೇರೆ ಸಾಲಿಗಾಗಿ ತಡಕಾಡಿದೆ, ಇರಲಿಲ್ಲ. ನಾವಿಬ್ಬರೂ ಎತ್ತದೆ ಊರಿನ ಹೆಂಗಸರೂ ಎತ್ತುವಂತಿಲ್ಲ. ಹೊರಗೆ ಗಂಡಸರ ಅಳುವೂ ಒಂದೊಂದಾಗಿ ನಿಂತಿತು.

ಅಣ್ಣ ಬಾಗಿಲ ಕಂಬಳಿ ಸರಿಸಿ ಒಳಗೆ ಬಂದ. ಎಪ್ಪತ್ತೈದು ವರ್ಷದ ಮುದುಕ, ರಸ್ತೆಯ ಧೂಳು ಗಡ್ಡದ ಮೇಲೆಲ್ಲ ಇತ್ತು. ಪರದೆಯ ಕಡೆ ಒಮ್ಮೆ ನೋಡಿದ. ಆಮೇಲೆ ನಮ್ಮಿಬ್ಬರ ಬೆನ್ನಿಗೆ ಕೇಳಿದ.

"ಈ ಮನೇಲಿ ಯಾರೂ ಸತ್ತಿಲ್ವೇನೇ?"

ಸಾಲ್ಕಿನ್ ಗೋಡೆಯಿಂದ ಮುಖ ತಿರುಗಿಸಿದಳು. ತಿರುಗಿಸಬಾರದು, ಆದರೂ ತಿರುಗಿಸಿದಳು.

"ಸತ್ತಿದ್ದಾಳೆ ಮಾವ," ಎಂದಳು. "ಅವಳು ಬದುಕಿದ್ದಾಗಲೇ ಅತ್ತು ಮುಗಿಸಿಬಿಟ್ಟಿದ್ವಿ."