ಹೊಸ್ತಿಲಿಗೆ ನೀರು, ಪಾದಕ್ಕೆ ಬೆಳಕು

ಬೆಟಗೇರಿಯ ಹಳೆಯ ನೇಕಾರರ ಮನೆಗಳನ್ನು ನೋಡಿದವರಿಗೆ ಗೊತ್ತು. ಮುಂಬಾಗಿಲು ದಾಟಿದರೆ ಪಡಸಾಲೆ. ಪಡಸಾಲೆಯ ಒಂದು ಬದಿಗೆ ನೆಲದಲ್ಲಿ ತೋಡಿದ ಕುಣಿ, ಆ ಕುಣಿಯ ಮೇಲೆ ಮಗ್ಗ. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಹಗಲಿನಲ್ಲಿ ಅದು ಅನ್ನ ಕೊಡುವ ಜಾಗ. ಕತ್ತಲಲ್ಲಿ ಮಾತ್ರ ಅದರ ಅಂಚು ಕಾಣುವುದಿಲ್ಲ.

ಮಾಳವ್ವನ ಮನೆಯಲ್ಲಿಯೂ ಅಂಥದೊಂದು ಮಗ್ಗವಿತ್ತು. ಅದರ ಮೇಲೆ ಕೂತು ಸೀರೆ ನೇಯುತ್ತಿದ್ದ ಅವಳ ಗಂಡ ಪುಂಡಲೀಕಪ್ಪ ಹೋದ ಶ್ರಾವಣದಲ್ಲಿ ಶಿವನ ಪಾದ ಸೇರಿದ. ಮಗ್ಗ ಸುಮ್ಮನಾಯಿತು. ಆದರೆ ಮಾಳವ್ವನ ಬೆಳಗಿನ ನೇಮ ನಿಲ್ಲಲಿಲ್ಲ. ಸೂರ್ಯ ಹುಟ್ಟುವ ಮೊದಲು ಎದ್ದು, ಒಳಗಿನ ಕೋಣೆಯಿಂದ ಪಡಸಾಲೆ ದಾಟಿ ಬಂದು, ಹೊಸ್ತಿಲಿಗೆ ನೀರು ಹಾಕಿ, ಅರಿಸಿನ ಹಚ್ಚಿ, ಹೂವಿಟ್ಟು, ತಿರುಗಿ ಬಂದು ಮಗ್ಗಕ್ಕೆ ಒಂದು ಹೂವು ಏರಿಸುವುದು. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಅವಳು ಮಾಡಿಕೊಂಡು ಬಂದ ಪೂಜೆ ಅದು. ಮೊದಲು ಪುಂಡಲೀಕಪ್ಪ ಬ್ಯಾಟರಿ ಹಿಡಿದು ಮುಂದೆ ನಡೆಯುತ್ತಿದ್ದ, ಅವಳು ಹಿಂದೆ. ಈಗ ಮುಂದೆ ನಡೆಯುವವರು ಇರಲಿಲ್ಲ.

ದೊಡ್ಡ ಲೈಟು ಹಾಕಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದರ ಸ್ವಿಚ್ಚು ಮುಂಬಾಗಿಲ ಹತ್ತಿರ, ಕುಣಿಯ ಆಚೆ. ಮೇಲಾಗಿ ಪಡಸಾಲೆಯಲ್ಲಿ ಮೊಮ್ಮಕ್ಕಳು ಮಲಗಿರುತ್ತಾರೆ. ಮಾಳವ್ವನ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿ ಹೆಚ್ಚು ದಿನವಾಗಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕು ಒಮ್ಮೆಲೇ ಬಡಿದರೆ ಕಣ್ಣು ಕುಕ್ಕಿ, ಕತ್ತಲಿಗಿಂತ ಹೆಚ್ಚು ಕುರುಡಾಗುತ್ತಿತ್ತು. ಒಂದು ಕೈಯಲ್ಲಿ ನೀರಿನ ಚಂಬು, ಇನ್ನೊಂದರಲ್ಲಿ ಹೂವಿನ ಬುಟ್ಟಿ. ಬ್ಯಾಟರಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಬೇಕು?

ಒಂದು ಬೆಳಗು ಕುಣಿಯ ಅಂಚಿನಲ್ಲಿ ಅವಳ ಕಾಲು ಜಾರಿತು. ದೇವರ ದಯೆ, ಮಗ್ಗದ ಕಂಬ ಕೈಗೆ ಸಿಕ್ಕಿತು. ಪಾದ ಊದಿಕೊಂಡದ್ದಷ್ಟೇ, ಎಲುಬು ಉಳಿಯಿತು. ಆದರೆ ಮಗ ಕಳಕೇಶ ಅದನ್ನು ಅಷ್ಟಕ್ಕೇ ಬಿಡಲಿಲ್ಲ. ಅವನು ಅಂದೇ ಗದಗಿಗೆ ಹೋಗಿ ಉದ್ದನೆಯ ಹಲಗೆಗಳನ್ನು ತಂದು ಗೋಡೆಗೆ ಆನಿಸಿದ. ಸೋಮವಾರ ಬಡಿಗೇರು ಬರುತ್ತಾರೆ, ಮಗ್ಗ ಬಿಚ್ಚುತ್ತಾರೆ, ಕುಣಿಯ ಮೇಲೆ ಹಲಗೆ ಬಡಿಯುತ್ತಾರೆ ಎಂದು ಹೇಳಿದ. ಅಲ್ಲಿಯ ತನಕ ಬಿಸಿಲು ಬೀಳುವ ಮೊದಲು ಅವ್ವ ಹಾಸಿಗೆ ಬಿಟ್ಟು ಏಳಬಾರದು ಎಂದೂ ಹೇಳಿದ.

ಮಾಳವ್ವ ಮಗ್ಗದ ಕಡೆ ನೋಡುತ್ತಾ ಅಂದಳು, "ನಿಮ್ಮಪ್ಪ ಕುಂತ ಜಾಗ ಅದು. ನಾ ಇರೂತನಕ ಮುಚ್ಚಬ್ಯಾಡಪಾ."

"ನೀ ಇರಬೇಕಂತನ ಮುಚ್ಚಾಕತ್ತೀನಿ ಯವ್ವಾ," ಅಂದ ಕಳಕೇಶ.

ಇಬ್ಬರದೂ ಪ್ರೀತಿಯ ಮಾತೇ. ಅದಕ್ಕೇ ಯಾರೂ ಸೋಲುವಂತಿರಲಿಲ್ಲ.

ಸೊಸೆ ಅನ್ನಪೂರ್ಣ ನಡುವೆ ಬಂದಳು. ಈಗ ಪಟ್ಟಿಯ ಹಾಗೆ ಅಂಟಿಸುವ ಎಲ್‌ಇಡಿ ದೀಪಗಳು ಬರುತ್ತವೆ, ಕುಣಿಯ ಸುತ್ತಲೂ ಹೊಸ್ತಿಲಿಗೂ ಅಂಟಿಸಿದರೆ ಅತ್ತೆಗೆ ದಾರಿ ಕಾಣುತ್ತದೆ, ಅದನ್ನೊಂದು ನೋಡೋಣ ಎಂದಳು. ಕಳಕೇಶನಿಗೂ ಮನಸ್ಸಿನೊಳಗೆ ಮಗ್ಗ ಬಿಚ್ಚುವ ಆಸೆ ಇರಲಿಲ್ಲ. ಬಜಾರಕ್ಕೆ ಹೋಗಿ ಒಂದು ಸುರುಳಿ ತಂದ. ಡಬ್ಬಿಯ ಮೇಲೆ ಕೆಂಪು, ನೀಲಿ, ಹಸಿರು ಎಲ್ಲ ಬಣ್ಣ ಇದ್ದವು, ಜೊತೆಗೊಂದು ರಿಮೋಟು. ಅಡಾಪ್ಟರ್ ಗಿಡಾಪ್ಟರ್ ಏನೂ ಬೇಕಿಲ್ಲ, ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು ಎಂದು ಅಂಗಡಿಯವನು ಹೇಳಿದ್ದ. ಕಳಕೇಶ ಅಂದು ಸಂಜೆಯೇ ಅದನ್ನು ಕತ್ತರಿಸಿ, ಒಂದಿಷ್ಟು ಸುಣ್ಣದ ಗೋಡೆಗೆ, ಒಂದಿಷ್ಟು ಹೊಸ್ತಿಲಿಗೆ ಅಂಟಿಸಿದ. ಮನೆ ಝಗಝಗ ಅಂದಿತು. ಪಕ್ಕದ ಮನೆಯ ಬಾನುಬಿ ಇಣುಕಿ ನೋಡಿ, "ಏನೋ ಕಳಕೇಶ, ನಿಮ್ಮ ಮನ್ಯಾಗಿಂದ ಮದಿವಿ ವರಾತಿ ಹೊರಡತೈತೇನ?" ಎಂದು ನಕ್ಕಳು.

ಗೋಡೆಯ ಪಟ್ಟಿ ಬೆಳಗಾಗುವುದರೊಳಗೆ ಸುಣ್ಣದ ಹಕ್ಕಳೆಯನ್ನು ಬೆನ್ನಿಗೆ ಹೊತ್ತುಕೊಂಡು ಕೆಳಗೆ ಬಿದ್ದಿತ್ತು. ಹೊಸ್ತಿಲ ಪಟ್ಟಿ ಮಾತ್ರ ನಿಂತಿತ್ತು. ದೀಪ ಬಂದಿದೆ ಎಂಬ ಧೈರ್ಯದಿಂದ ಮಾಳವ್ವ ಎದ್ದಳು, ನಿಧಾನ ನಡೆದು ಬಂದಳು, ದಿನದಂತೆ ಹೊಸ್ತಿಲಿಗೆ ನೀರು ಹಾಕಿ ಅರಿಸಿನದ ಕೈ ಇಟ್ಟಳು. ಝುಮ್ಮೆಂದು ಮೊಳಕೈತನಕ ಹೊಡೆಯಿತು. ಚಂಬು ಕೈಜಾರಿ ಬೀದಿಗೆ ಉರುಳಿತು. ಫ್ಯೂಸು ಹೋಗಿ ದೀಪ ಆರಿತು.

ಮಾಳವ್ವನಿಗೆ ಏನೂ ಆಗಲಿಲ್ಲ. ಶಿವನು ಕಾಯ್ದ. ಆದರೆ ಕಳಕೇಶ ಪಟ್ಟಿಯನ್ನು ಕಿತ್ತು ಅಂಗಳಕ್ಕೆ ಒಗೆದು, ಇನ್ನು ಯಾವ ದೀಪದ ಮಾತೂ ಬೇಡ, ಸೋಮವಾರ ಕುಣಿ ಮುಚ್ಚುವುದೇ ಖರೆ ಎಂದುಬಿಟ್ಟ.

ಬಿದ್ದ ಚಂಬನ್ನು ಎತ್ತಿಕೊಂಡು ಬಂದವಳು ಬಾನುಬಿಯ ಮಗಳು ಅಮೀರಾ. ಅವಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದಾರೆ. ಎಲೆಕ್ಟ್ರಿಷಿಯನ್ ಕೋರ್ಸು ಕಲಿತವಳು. ಗಂಡ ಇಜಾಜನೂ ಅವಳೂ ಸೇರಿ ಅಲ್ಲಿ ವೈರಿಂಗ್ ಸಾಮಾನಿನ ಅಂಗಡಿ ನಡೆಸುತ್ತಾರೆ, ಶಿರಹಟ್ಟಿ, ಮುಂಡರಗಿಯ ಕಡೆಗೂ ಮನೆಗಳ ಕೆಲಸಕ್ಕೆ ಹೋಗುತ್ತಾರೆ. ತವರಿಗೆ ಬಂದಿದ್ದಳು. ಸಣ್ಣವಳಿದ್ದಾಗ ಈ ಪಡಸಾಲೆಯಲ್ಲೇ ಆಡಿ ಬೆಳೆದವಳು. ಮೊದಲು ಮಾಳವ್ವನ ಕೈ ಹಿಡಿದು ನೋಡಿದಳು, ಆಮೇಲೆ ಅಂಗಳದಲ್ಲಿ ಬಿದ್ದ ಪಟ್ಟಿಯನ್ನು ನೋಡಿದಳು.

ಇದು ಗೋಡೆಯ ಪೂರ್ತಿ ಕರೆಂಟು ಹರಿಯುವ ಪಟ್ಟಿ, ಮನೆಯೊಳಗೆ ಕೈಗೆ ನಿಲುಕುವಲ್ಲಿ ಇದನ್ನು ಹಚ್ಚಲೇಬಾರದು ಎಂದು ಹೇಳಿದಳು. ಕತ್ತರಿಸಿದ ತುದಿ ತೆರೆದೇ ಇತ್ತು. ನೀರು ಆ ತುದಿಯಿಂದ ಒಳಗೆ ಹೋಗಿತ್ತು.

ಕಳಕೇಶ ಬೇಸರದಿಂದ, "ಹಂಗಾರ ಅವ್ವ ಹೊಸ್ತಿಲಿಗೆ ನೀರು ಹಾಕೂದು ಬಿಡಬೇಕೇನ?" ಅಂದ.

"ಅಜ್ಜಿ ಯಾಕ ಬಿಡಬೇಕಣ್ಣಾ? ದೀಪ ಜಾಗಾ ಬಿಡ್ಲಿ," ಅಂದಳು ಅಮೀರಾ. "ಹೊಸ್ತಿಲ ಮ್ಯಾಲೆ ದೀಪ ಇರೂದು ಬ್ಯಾಡ. ಹೊಸ್ತಿಲ ಕಂಡರ ಸಾಕು."

ಆ ಮಾತಿಗೆ ಮಾಳವ್ವ ತಲೆ ಎತ್ತಿ ನೋಡಿದಳು.

ಅಮೀರಾ ಅಳತೆಯ ಪಟ್ಟಿ ತೆಗೆಯಲಿಲ್ಲ. "ಅಜ್ಜಿ, ನೀವು ದಿನಾ ಹ್ಯಾಂಗ ಬರತೀರಿ ಹಂಗ ಒಂದು ಸಲ ನಡದು ತೋರಸ್ರಿ," ಅಂದಳು. ಅನ್ನಪೂರ್ಣಳ ಕೈಗೆ ರಂಗೋಲಿಯ ಬಟ್ಟಲು ಕೊಟ್ಟು, ಅತ್ತೆಯ ಪಾದ ಬಿದ್ದಲ್ಲೆಲ್ಲ ಒಂದು ಚುಕ್ಕೆ ಇಡುತ್ತ ಹೋಗು ಎಂದಳು. ಮಾಳವ್ವ ಒಳಗಿನ ಕೋಣೆಯಿಂದ ಹೊರಟಳು. ಗೋಡೆಯ ಪಕ್ಕಕ್ಕೆ ಬಂದಳು. ಕುಣಿಯ ಅಂಚು ಶುರುವಾಗುವಲ್ಲಿ ಬಂದು ನಿಂತುಬಿಟ್ಟಳು. ಕಾಲು ನೋವೇ ಎಂದು ಅನ್ನಪೂರ್ಣ ಕೇಳಿದಳು.

"ನೋವಲ್ಲವ್ವಾ. ಇಲ್ಲಿಗೆ ಬಂದಕೂಡಲೆ ಅವರು ನಿಂದರತಿದ್ರು. ಹೊಳ್ಳಿ ನನ್ನ ಪಾದಕ್ಕ ಬೆಳಕ ಬಿಡತಿದ್ರು. ನಾ ದಾಟಿದ ಮ್ಯಾಲೆ ಮುಂದ ನಡೀತಿದ್ರು."

ಬಾಗಿಲಲ್ಲಿ ನಿಂತಿದ್ದ ಬಾನುಬಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅನ್ನಪೂರ್ಣ ಅಲ್ಲಿ ಒಂದು ಚುಕ್ಕೆಯ ಬದಲು ಸಣ್ಣದೊಂದು ಹೂವಿನ ರಂಗೋಲಿ ಬಿಟ್ಟಳು.

ಅಮೀರಾಗೆ ಬೇಕಾದ ಲೆಕ್ಕ ಅದೇ ಆಗಿತ್ತು. ಪುಂಡಲೀಕಪ್ಪಜ್ಜ ಹಿಡಿಯುತ್ತಿದ್ದ ಹಾಗೆ ಬೆಳಕು ಪಾದಕ್ಕೆ ಬೀಳಬೇಕು, ಮುಖಕ್ಕಲ್ಲ, ಎಂದಳು. ಆದ್ದರಿಂದ ದೀಪ ಕೆಳಗಿರಬೇಕು, ನೆಲದ ಕಡೆ ಮುಖ ಮಾಡಿರಬೇಕು. ಬಣ್ಣ ಬಣ್ಣದ್ದು ಬೇಡ, ಹಣತೆಯ ಹಾಗೆ ಹಳದಿ ಕಲೆತ ಬಿಳಿ ಬೆಳಕು, ಅಂಗಡಿಯಲ್ಲಿ ವಾರ್ಮ್ ವೈಟ್ ಎಂದು ಕೇಳಬೇಕು. ಹಿರಿಯರ ಕಣ್ಣಿಗೆ ಅದು ಹಿತ. ಪಟ್ಟಿ ಹನ್ನೆರಡು ವೋಲ್ಟಿನದು ಇರಲಿ, ಅದಕ್ಕೆ ಗೋಡೆಯ ಕರೆಂಟನ್ನು ತಗ್ಗಿಸಿ ಕೊಡುವ ಅಡಾಪ್ಟರ್ ಬೇಕು. ಹೊಸ್ತಿಲ ಹತ್ತಿರ ಹಚ್ಚುವುದಕ್ಕೆ ಮೇಲೆ ಸಿಲಿಕಾನಿನ ಕವಚ ಇರುವ, ನೀರು ಸಿಡಿದರೆ ತಡೆಯುವ ಜಾತಿಯದು, ಡಬ್ಬಿಯ ಮೇಲೆ ಐಪಿ ಅರವತ್ತೈದು ಎಂದು ಬರೆದಿರುತ್ತದೆ. ರಂಗೋಲಿಯ ಗೆರೆಯುದ್ದಕ್ಕೂ ಅಳೆದರೆ ಕಳಕೇಶ ತಂದ ಸುರುಳಿಯ ಅರ್ಧವೂ ಬೇಕಾಗಿರಲಿಲ್ಲ.

ಅಡಾಪ್ಟರ್ ಎಷ್ಟು ದೊಡ್ಡದು ಎಂದು ಅನ್ನಪೂರ್ಣ ಕೇಳಿದಳು. ಒಂದು ಮೀಟರು ಪಟ್ಟಿ ಎಷ್ಟು ವ್ಯಾಟ್ ಉಣ್ಣುತ್ತದೆ ಎಂದು ಡಬ್ಬಿಯ ಮೇಲೆ ಇರುತ್ತದೆ, ಅದನ್ನು ನಿಮ್ಮ ಮೀಟರಿನಿಂದ ಗುಣಿಸಿ, ಬಂದದ್ದಕ್ಕೆ ಐದರಲ್ಲೊಂದು ಪಾಲು ಹೆಚ್ಚಿಗೆ ಸೇರಿಸಿ ತನ್ನಿ ಎಂದು ಅಮೀರಾ ಹೇಳಿದಳು. ಮನೆಯಲ್ಲಿ ಐದು ಮಂದಿಗೆ ಉಣ್ಣಲು ಇದ್ದರೆ ಆರು ಮಂದಿಗೆ ಅಡಿಗೆ ಮಾಡುವ ಹಾಗೆ. ಕಡಿಮೆ ಬಿದ್ದರೆ ಅಡಾಪ್ಟರ್ ಕಾದು ಬೇಗ ಸುಡುತ್ತದೆ.

ಕಳಕೇಶ ಇನ್ನೂ ಕೈಕಟ್ಟಿಕೊಂಡೇ ನಿಂತಿದ್ದ. ಇದನ್ನು ಫೋನಿನಿಂದ ಹಚ್ಚಬೇಕೇನು, ಅವ್ವನಿಗೆ ಫೋನು ನಡೆಸಲು ಬರುವುದಿಲ್ಲ, ಸ್ಮಾರ್ಟು ಅಂತ ಎಲ್ಲ ತಂದಿಟ್ಟು ಏನು ಫಲ ಎಂದು ಕೇಳಿದ.

"ನನಗ ಫೋನಿನ ಜೋಡಿ ಮಾತಾಡಾಕ ಆಗೂದಿಲ್ಲ. ದೇವರ ಜೋಡಿ ಮಾತಾಡಾಕನ ಹೊತ್ತು ಸಾಲೂದಿಲ್ಲ," ಅಂದಳು ಮಾಳವ್ವ.

ಅಮೀರಾ ನಕ್ಕಳು. "ನೀವು ಯಾರ ಜೋಡೀನೂ ಮಾತಾಡೂದು ಬ್ಯಾಡಜ್ಜಿ. ಒಂದು ಸಣ್ಣ ಸೆನ್ಸರ್ ಇಡತೀನಿ. ನೀವು ಒಳಗಿನ ಕ್ವಾಣಿ ಬಾಗಲಕ್ಕ ಬಂದ್ರ ಸಾಕು, ಅದಕ್ಕ ಗೊತ್ತಾಗತೈತಿ. ದೀಪ ತಾನ ಹತ್ತತೈತಿ, ನೀವು ಹೋದ ಮ್ಯಾಲೆ ತಾನ ಆರತೈತಿ. ಅದಕ್ಕ ಇಂಟರ್ನೆಟ್ಟೂ ಬೇಕಾಗಿಲ್ಲ. ಬೆಳಕ ಎಷ್ಟಿರಬೇಕು ಅನ್ನೂದನ್ನ ಅನ್ನಪೂರ್ಣ ವೈನಿ ಒಮ್ಮೆ ಫೋನ್‌ನ್ಯಾಗ ಇಟ್ಟರ ಆತು."

"ಬೆಕ್ಕು ಬಂದರೂ ಹತ್ತತೈತಿ ಹಂಗಾರ," ಅಂದ ಕಳಕೇಶ.

"ಹತ್ತಲಿ ಬಿಡು. ಅದಕ್ಕೂ ಕಾಲ ಅದಾವು," ಅಂದಳು ಮಾಳವ್ವ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಎಲ್ಲರೂ ನಕ್ಕರು.

ಉಳಿದದ್ದು ಗೋಡೆಯ ಮಾತು. ಸುಣ್ಣದ ಗೋಡೆಗೆ ಯಾವ ಅಂಟೂ ನಿಲ್ಲುವುದಿಲ್ಲ. ಗೋಡೆಗೆ ಮರದ ಪಟ್ಟಿಯನ್ನು ತಿರುಪು ಹಾಕಿ ಬಿಗಿದು, ಅದರ ಮೇಲೆ ಅಲ್ಯುಮಿನಿಯಮ್ ಚಾನೆಲ್ ಕೂರಿಸಿ, ಅದರೊಳಗೆ ದೀಪದ ಪಟ್ಟಿ ಅಂಟಿಸಬೇಕು ಎಂದು ಅಮೀರಾ ಹೇಳಿದಳು. ಚಾನೆಲ್ ಪಟ್ಟಿಯ ಕಾವನ್ನು ಎಳೆದುಕೊಳ್ಳುತ್ತದೆ. ಅದರ ಹಾಲುಬಣ್ಣದ ಮುಚ್ಚಳ ಬೆಳಕನ್ನು ಮೆತ್ತಗೆ ಮಾಡುತ್ತದೆ, ನೂಲಿನ ಧೂಳು ದೀಪದ ಮೇಲೆ ಕೂರದಂತೆ ತಡೆಯುತ್ತದೆ. ಉದ್ದನೆಯ ಕಟ್ಟಿಗೆ ಎಲ್ಲಿ ಸಿಕ್ಕೀತು ಎಂದು ಕೇಳಿದಳು.

ಎಲ್ಲರ ಕಣ್ಣೂ ಗೋಡೆಗೆ ಆನಿಸಿದ ಹಲಗೆಗಳ ಕಡೆಗೆ ಹೋಯಿತು. ಕುಣಿ ಮುಚ್ಚಲೆಂದು ತಂದ ಹಲಗೆಗಳು.

ಕಳಕೇಶ ತಾನೇ ಹೋಗಿ ಒಂದನ್ನು ಎತ್ತಿ ತಂದು ಅಮೀರಾಳ ಮುಂದೆ ಇಟ್ಟು, "ಎಷ್ಟ ಅಗಲ ಕೊಯ್ಯಬೇಕು ಹೇಳು," ಅಂದ. ಈ ದೀಪವೂ ಕೈಕೊಟ್ಟರೆ ಸೋಮವಾರ ಬಡಿಗೇರು ಬಂದೇ ಬರುತ್ತಾರೆ ಎಂದು ಹೇಳುವುದನ್ನೂ ಬಿಡಲಿಲ್ಲ.

ಮರುದಿನ ಇಜಾಜ ಲಕ್ಷ್ಮೇಶ್ವರದಿಂದ ಸಾಮಾನು ತಂದ. ಮೊದಲು ಮೇನ್ ಸ್ವಿಚ್ ಆರಿಸಿದರು. ಹಳೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಇರಲಿಲ್ಲ, ಅದನ್ನು ಕೂರಿಸಿದರು. ಕರೆಂಟು ಎಲ್ಲಾದರೂ ನೆಲಕ್ಕೆ ಸೋರಿದರೆ ಅದು ಕಣ್ಣು ಮಿಟುಕುವುದರೊಳಗೆ ಲೈನು ಕಡಿಯುತ್ತದೆ. ದೀಪದ ಪಟ್ಟಿಯನ್ನು ಕತ್ತರಿಯ ಗುರುತು ಇದ್ದಲ್ಲಿ ಮಾತ್ರ ಕತ್ತರಿಸಿದರು, ತೆರೆದ ತುದಿಗೆ ಮುಚ್ಚಳ ಹಾಕಿ ಸಿಲಿಕಾನ್ ಮೆತ್ತಿದರು. ಕೆಲಸ ಶುರುವಾಗುವ ಮೊದಲು ಸುರುಳಿ ಬಿಚ್ಚದೆ ಹಚ್ಚಿ ನೋಡಲು ಕಳಕೇಶ ಹೋದಾಗ ಅಮೀರಾ ಕೈ ಹಿಡಿದಿದ್ದಳು. ಸುತ್ತಿದ್ದಾಗ ಹಚ್ಚಿದರೆ ಕಾವು ಒಳಗೇ ನಿಂತು ಪಟ್ಟಿ ಕೆಡುತ್ತದೆ. ಗೋಡೆಯ ಬುಡದಲ್ಲಿ, ನೆಲ ಒರೆಸುವ ಅರಿವೆ ತಾಗದಷ್ಟು ಮೇಲೆ ಒಂದು ಸಾಲು. ಕುಣಿಯ ಅಂಚು ಬೆಳಗುವಂತೆ ಮಗ್ಗದ ಕಂಬಕ್ಕೆ ಒಂದು ತುಂಡು. ಹೊಸ್ತಿಲ ಬಳಿಯದನ್ನು ಬಾಗಿಲ ಚೌಕಟ್ಟಿನ ಒಳಬದಿಗೆ, ಮೊಳಕಾಲಿನ ಎತ್ತರದಲ್ಲಿ, ಬೆಳಕು ಕೆಳಗೆ ಇಳಿಯುವ ಹಾಗೆ. ಅಡಾಪ್ಟರನ್ನು ನೂಲಿನಿಂದ ದೂರ, ಗಾಳಿಯಾಡುವಲ್ಲಿ ಎತ್ತರಕ್ಕೆ ಇಟ್ಟರು. ಕರೆಂಟು ಹೋದರೆ ಎಂದು ವೋಲ್ಟೂ ವ್ಯಾಟೂ ಹೊಂದುವ ಸಣ್ಣ ಬ್ಯಾಟರಿ ಪೆಟ್ಟಿಗೆಯನ್ನೂ ಸೇರಿಸಿದರು.

ಪುಂಡಲೀಕಪ್ಪನ ಬ್ಯಾಟರಿಯನ್ನು ಏನು ಮಾಡುವುದೆಂದು ಅನ್ನಪೂರ್ಣ ಕೇಳಿದಳು. ಅದು ಇದ್ದ ಮೊಳೆಗೇ ಇರಲಿ, ಯಾವ ಯಂತ್ರವೂ ಒಂದು ದಿನ ಕೆಡಬಹುದು ಎಂದಳು ಅಮೀರಾ.

ಸೋಮವಾರ ಬಂತು. ಬಡಿಗೇರು ಬರುವ ದಿನ. ಕಳಕೇಶ ಬೆಳಗಿನ ಜಾವಕ್ಕೆ ಎದ್ದು, ಅಡಿಗೆಮನೆಯ ಬಾಗಿಲಲ್ಲಿ ಕತ್ತಲಲ್ಲಿ ನಿಂತು ನೋಡುತ್ತಿದ್ದ. ಮಾಳವ್ವ ಚಂಬು, ಹೂವಿನ ಬುಟ್ಟಿ ಹಿಡಿದು ಕೋಣೆಯ ಬಾಗಿಲಿಗೆ ಬಂದಳು. ಗೋಡೆಯ ಬುಡದಲ್ಲಿ ಮೆಲ್ಲಗೆ ಬೆಳಕು ಹರಿಯಿತು. ಮಕ್ಕಳು ಮಗ್ಗುಲು ಬದಲಿಸಲಿಲ್ಲ. ಅವಳು ನಡೆದಳು. ಕುಣಿಯ ಅಂಚಿಗೆ ಬಂದು ಎಂದಿನಂತೆ ನಿಂತಳು. ಕಲ್ಲಿನ ಅಂಚು ಬಂಗಾರದ ಜರಿಯ ಹಾಗೆ ಕಾಣುತ್ತಿತ್ತು. ಬೆಳಕು ಅವಳ ಪಾದದ ಮೇಲೆ ಬಿದ್ದಿತ್ತು.

ಅವಳು ಖಾಲಿ ಮಗ್ಗದ ಕಡೆ ತಿರುಗಿ ಮೆಲುದನಿಯಲ್ಲಿ ಹೇಳಿದಳು, "ನೀವು ಇನ್ನ ಕುಂಡ್ರಿ. ನಾ ಹೊಕ್ಕೀನಿ."

ಅವಳು ದಾಟಿದಳು. ಹೊಸ್ತಿಲಿಗೆ ನೀರು ಹಾಕಿದಳು, ಅರಿಸಿನ ಹಚ್ಚಿದಳು. ದೀಪ ಆರಲಿಲ್ಲ, ಕೈಗೆ ಏನೂ ಹೊಡೆಯಲಿಲ್ಲ. ತಿರುಗಿ ಬಂದು ಮಗ್ಗಕ್ಕೆ ಹೂವು ಏರಿಸಿದಳು.

ಹೊತ್ತು ಹುಟ್ಟಿದ ಮೇಲೆ ಬಡಿಗೇರು ಹತಾರದ ಚೀಲ ಹೊತ್ತು ಬಂದರು. ಕಳಕೇಶ ಅವರನ್ನು ಕೂರಿಸಿ ಚಹಾ ಕೊಟ್ಟ. ಮಗ್ಗದ ಸಡಿಲಾದ ಕೂಡಿಕೆಗಳನ್ನು ಬಿಗಿ ಮಾಡಿಕೊಟ್ಟು ಹೋಗಿರಿ ಎಂದು ಕೇಳಿಕೊಂಡ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿಯೂ ಕತ್ತಲಲ್ಲಿ ಎದ್ದು ನಡೆಯುವ ಹಿರಿಯರು ಇದ್ದಾರು. ಅವರು ಬಿದ್ದ ಮೇಲೆ ಮರುಗುವುದಕ್ಕಿಂತ ಇಂದೇ ಒಮ್ಮೆ ಅವರ ಹಿಂದೆ ನಡೆದು ನೋಡಿರಿ, ಅವರ ಪಾದ ಎಲ್ಲಿ ತಡವರಿಸುತ್ತದೆ ಎಂದು. ಬೆಳಕು ಬೇಕಾದದ್ದು ಅಲ್ಲಿಗೆ. ದೀಪದ ಪಟ್ಟಿ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿರಿ, ಕಡಿಮೆ ವೋಲ್ಟಿನದನ್ನೇ ಕೇಳಿರಿ, ನೀರು ಮುಟ್ಟುವ ಜಾಗದಿಂದ ದೂರ ಇಡಿರಿ, ಬೋರ್ಡಿನ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿರಿ. ನಮ್ಮನ್ನು ಕೈಹಿಡಿದು ನಡೆಸಿದವರು ಒಬ್ಬೊಬ್ಬರಾಗಿ ಮುಂದೆ ಹೋಗುತ್ತಾರೆ. ಹಿಂದೆ ಉಳಿದವರ ದಾರಿ ಕತ್ತಲಾಗದಂತೆ ನೋಡುವುದು ನಮ್ಮ ಪಾಲಿನ ಪೂಜೆ. ಅದನ್ನು ತಪ್ಪಿಸಬೇಡಿರಿ.