ಮಾತ್ರೆಯಲ್ಲಿ ಪಾಲಿಲ್ಲ

ತಾರೆಮರದ ಪೋಡು ಎಂಬ ಕಾಡಿನ ಹಾಡಿಯಲ್ಲಿ ಒಬ್ಬನಿಗೆ ಸಿಕ್ಕಿದ್ದು ಅವನೊಬ್ಬನದೇ ಆಗಿ ಉಳಿದದ್ದು ಯಾವತ್ತೂ ಇಲ್ಲ. ಮರ ಹತ್ತಿ ಜೇನು ಕಿತ್ತವನಿಗೆ ಎಷ್ಟು ಪಾಲೋ, ಕೆಳಗೆ ನಿಂತು ಹೊಗೆ ಹಾಕಿದವನಿಗೂ ಅಷ್ಟೇ. ಕಾಲು ಉಳುಕಿ ಮನೆಯಲ್ಲಿ ಕೂತವನ ಪಾಲನ್ನೂ ಎಲೆಯಲ್ಲಿ ಕಟ್ಟಿ ತರುತ್ತಾರೆ. ಇಂಥ ಊರಿನ ಮುನಿಯನ ಕೈಗೆ ಹದಿನಾಲ್ಕು ದಿನದ ಮಲೇರಿಯಾ ಮಾತ್ರೆಯನ್ನು ಒಂದೇ ಸಲ ಕೊಟ್ಟರೆ ಅವನು ಇನ್ನೇನು ಮಾಡಿಯಾನು? ಹಂಚಿದ.

ಕೊಟ್ಟವಳು ಅವನ ತಂಗಿ ಮಾದಿ, ಪೋಡಿನ ಆಶಾ ಕಾರ್ಯಕರ್ತೆ. ಮುನಿಯ ಇನ್ನೂ ನಾಲ್ವರ ಜೊತೆ ಕರಾವಳಿಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿ ಬಂದಿದ್ದ. ಬಂದ ವಾರಕ್ಕೇ ಎರಡು ಕಂಬಳಿ ಹೊದಿಸಿದರೂ ನಿಲ್ಲದ ನಡುಕ. ಮಾದಿ ಬೆರಳು ಚುಚ್ಚಿ ನೋಡಿದಳು, ಮಲೇರಿಯಾ. ದಿನವೂ ಎದುರಿಗೆ ನಿಂತು ಮಾತ್ರೆ ನುಂಗಿಸಬೇಕು ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹನೂರಿನಲ್ಲಿ ಹದಿನೈದು ದಿನದ ತರಬೇತಿ ಇತ್ತು. ಅಣ್ಣನಲ್ಲವೇ, ನುಂಗುತ್ತಾನೆ ಬಿಡು ಎಂದು ಎಲ್ಲ ಮಾತ್ರೆಯನ್ನೂ ಕೈಗಿಟ್ಟು ಬಸ್ಸು ಹತ್ತಿದಳು.

ಮೂರು ದಿನಕ್ಕೆ ಮುನಿಯನ ಜ್ವರ ಇಳಿಯಿತು. ಉಳಿದ ಮಾತ್ರೆಯನ್ನು, ಜೊತೆಯಲ್ಲಿ ಸೊಳ್ಳೆ ಕಚ್ಚಿಸಿಕೊಂಡಿದ್ದ ಆ ನಾಲ್ವರಿಗೂ ಸಮನಾಗಿ ಕೊಟ್ಟ. ತಂಗಿ ಬಂದಾಗ ಮಾತ್ರೆಯ ಖಾಲಿ ಪಟ್ಟಿ ತೋರಿಸಿದ. ಅವಳೂ ನಂಬಿಬಿಟ್ಟಳು.

ಒಂದೂವರೆ ತಿಂಗಳಾದ ಮೇಲೆ ಅವನಿಗೆ ಮತ್ತೆ ನಡುಕ ಬಂತು. ಅದೇ ವಾರ ಅವನ ಮಗಳು ಮಂಗಳಳಿಗೂ ಬಂತು. ಆರು ವರ್ಷದ ಕೂಸು, ಹನೂರಿನ ಸಂತೆಯಿಂದಾಚೆ ಲೋಕ ಕಂಡವಳಲ್ಲ. ಮಗಳ ರಕ್ತದಲ್ಲೂ ಮಲೇರಿಯಾ ಎಂದಾಗ ಮುನಿಯ ಹಂಚಿದ್ದನ್ನು ಬಾಯಿಬಿಟ್ಟ. ಅಣ್ಣನ ಕೆನ್ನೆಗೆ ಎರಡು ಬಿಡುವಷ್ಟು ಸಿಟ್ಟು ಮಾದಿಗೆ ಬಂತು. ಅದಕ್ಕಿಂತ ಹೆಚ್ಚು ತನ್ನ ಮೇಲೇ ಬಂತು.

ಮಗುವನ್ನು ಸೊಂಟಕ್ಕೇರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಹೋದಳು. ಡಾಕ್ಟರು ರಜೆಯಲ್ಲಿದ್ದರು. ಹೆಲ್ತ್ ಇನ್‌ಸ್ಪೆಕ್ಟರ್ ಶಿವನಂಜಯ್ಯ ಇದ್ದ; ನಡೆದದ್ದನ್ನೆಲ್ಲ ಮುಚ್ಚಿಡದೆ ಅವನಿಗೆ ಹೇಳಿದಳು. ಕೆಟ್ಟವನೇನಲ್ಲ; ಜೀಪು ಹೋಗದ ಪೋಡುಗಳಿಗೆ ನಡೆದು ಹೋಗಿ ಸೊಳ್ಳೆ ಔಷಧಿ ಹೊಡೆಸಿದವನು. ಆದರೆ ಎರಡು ವರ್ಷ ಹತ್ತು ತಿಂಗಳಿಂದ ಅವನ ವ್ಯಾಪ್ತಿಯಲ್ಲಿ ಸ್ಥಳೀಯ ಮಲೇರಿಯಾ ಸೊನ್ನೆ. ಇನ್ನೆರಡು ತಿಂಗಳು ಕಳೆದರೆ ಮೂರು ವರ್ಷ, ಜಿಲ್ಲೆಯ ವೇದಿಕೆಯಲ್ಲಿ ಶಾಲು. ಮುನಿಯನದು ಹೊರಗಿನಿಂದ ತಂದ ಜ್ವರ, ಲೆಕ್ಕಕ್ಕಿಲ್ಲ. ಊರು ಬಿಟ್ಟು ಕದಲದ ಮಗುವಿಗೆ ಬಂದದ್ದು ಇಲ್ಲಿನದೇ ಸೊಳ್ಳೆ ಕೊಟ್ಟ ಜ್ವರ. ಅದನ್ನು ಬರೆದರೆ ಸೊನ್ನೆ ಹೋಯಿತು.

ಮಾತ್ರೆ ಈಗಲೇ ಕೊಡುತ್ತೇನೆ, ನುಂಗಿಸು, ಆದರೆ ಪುಸ್ತಕದಲ್ಲಿ ವೈರಲ್ ಜ್ವರ ಎಂದಿರಲಿ ಎಂದ. ಮಾದಿ ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿ, ಆಗುವುದಿಲ್ಲ ಎಂದಳು. ಬರೆಯದ ಜ್ವರದ ಹಿಂದೆ ಯಾರೂ ಬರುವುದಿಲ್ಲ. ಪೋಡಿನ ರಕ್ತ ನೋಡುವವರಿಲ್ಲ, ಔಷಧಿ ಹೊಡೆಯುವವರಿಲ್ಲ, ಸೊಳ್ಳೆಪರದೆ ತರುವವರಿಲ್ಲ. ಅರೆಬರೆ ಮಾತ್ರೆ ತಿಂದವರು ರೋಗ ಇಟ್ಟುಕೊಂಡೇ ಓಡಾಡುತ್ತಿರುತ್ತಾರೆ. ನಾಳೆ ಇನ್ನೊಂದು ಕೂಸು ಮಲಗುತ್ತದೆ.

ಶಿವನಂಜಯ್ಯ ದನಿ ತಗ್ಗಿಸಿದ. “ಮಾತ್ರೆ ಎಲ್ಲಾನೂ ಒಂದೇ ಸಲ ಕೈಗ್ ಕೊಟ್ಟೋಳು ನೀನು ಕಣಮ್ಮ. ಬರದ್ರ ಮೊದ್ಲು ಓಗಾದು ನಿನ್ ಕೆಲ್ಸನೇ.”

ಮಾದಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ಪೋಡಿನಲ್ಲಿ ಹತ್ತನೇ ಕ್ಲಾಸು ಮುಗಿಸಿದ ಮೊದಲ ಹೆಣ್ಣು ಅವಳು, ಆ ಕೆಲಸ ಎಂದರೆ ಅವಳಿಗೆ ಪ್ರಾಣ. ಆದರೂ ಕಣ್ಣು ಕೆಳಗಿಳಿಸಲಿಲ್ಲ. “ನನ್ ತಪ್ಪು ಅಂತ್ಲೂ ಬರೀರಿ ಸಾ. ಆದ್ರ ಮಗೀನ್ ಜ್ವರಕ್ಕ ಬ್ಯಾರೆ ಎಸ್ರು ಮಡಗ್‌ಬ್ಯಾಡಿ.”

ಅವನು ಪುಸ್ತಕ ಮುಚ್ಚಿದ. ಮುಚ್ಚಿಕೊಳ್ಳಲಿ.

ಸಂಜೆ ಮಾದಿ ಪೋಡಿನ ನಡುವೆ ನಿಂತು, ತನ್ನ ತಪ್ಪನ್ನೂ ಅಣ್ಣನ ತಪ್ಪನ್ನೂ ಎಲ್ಲರೆದುರು ಹೇಳಿದಳು. ಹಂಚಿದರೆ ಅದು ಹೇಗೆ ತಪ್ಪಾದೀತು ಎಂದು ಮುದುಕರು ಗೊಣಗಿದರು. ಮಾತ್ರೆ ಜೇನಲ್ಲ, ಹಂಚಿದರೆ ಯಾರಿಗೂ ಸಾಲದು, ರೋಗ ಮಾತ್ರ ಎಲ್ಲರಿಗೂ ಸಾಕಾಗುತ್ತದೆ ಎಂದು ರೇಗಿದಳು. ಆಮೇಲೆ ತಣ್ಣಗೆ ಹೇಳಿದಳು: “ಹಂಚೋ ಆಸೆ ಇದ್ರ ನಾಳೆ ನನ್ ಜೊತೇಲಿ ಬಂದು ಒಂದೊಂದ್ ತೊಟ್ಟು ರಕ್ತ ಕೊಡಿ.”

ಬೆಳಗಾಗುತ್ತಲೇ ನಲವತ್ತಮೂರು ಜನ ಆರು ಕಿಲೋಮೀಟರ್ ನಡೆದು ಆರೋಗ್ಯ ಕೇಂದ್ರದ ಜಗುಲಿ ತುಂಬಿದರು. ಮೊದಲು ಬೆರಳು ಚಾಚಿದವನು ಮುನಿಯ. ರಕ್ತ ಹಚ್ಚುವ ಗಾಜಿನ ಸ್ಲೈಡುಗಳು ಮುಗಿದಿವೆ, ಮುಂದಿನ ವಾರ ಬನ್ನಿ ಎಂದ ಶಿವನಂಜಯ್ಯ. ಒಳಗೆ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಆಶಾರಾಣಿ ಸ್ಲೈಡು ತುಂಬಿದ ಎರಡು ಡಬ್ಬಿ ತಂದು ಮೇಜಿನ ಮೇಲಿಟ್ಟು, ಮುನಿಯನ ಬೆರಳು ಹಿಡಿದಳು. ಮಾದಿಗೆ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು.

ಸಂಜೆಯವರೆಗೂ ಒಬ್ಬರೂ ಕದಲಲಿಲ್ಲ. ಮಂಗಳ ಅಲ್ಲದೆ ಇನ್ನೂ ನಾಲ್ವರ ರಕ್ತದಲ್ಲಿ ಮಲೇರಿಯಾ ಸಿಕ್ಕಿತು: ಮುನಿಯ, ಕಟ್ಟಡಕ್ಕೆ ಹೋಗಿದ್ದ ಇಬ್ಬರು, ಮತ್ತು ಅಂದಿನವರೆಗೆ ಪೋಡಿನ ಬೇಲಿ ದಾಟದಿದ್ದ ಒಬ್ಬ ಅಜ್ಜಿ. ನಲವತ್ತಮೂರು ಜನ ನೋಡುತ್ತಿರುವಾಗ ವೈರಲ್ ಎಂದು ಬರೆಯಲು ಶಿವನಂಜಯ್ಯನಿಗೆ ಕೈ ಬರಲಿಲ್ಲ. ಮಂಗಳಳ ಹೆಸರನ್ನೇ ಮೊದಲು ಬರೆದ.

ಮೂರನೇ ದಿನಕ್ಕೆ ಔಷಧಿ ಹೊಡೆಯುವವರು ಬಂದರು, ಸೊಳ್ಳೆಪರದೆಗಳೂ ಬಂದವು. ಐದನೇ ದಿನ ಮಾದಿಗೆ ನೋಟೀಸು ಬಂತು: ಕೆಲಸದಿಂದ ಏಕೆ ತೆಗೆಯಬಾರದು, ಉತ್ತರಿಸಿ.

ಅವಳು ಅದನ್ನು ಎಲ್ಲರಿಗೂ ಕೇಳುವಂತೆ ಓದಿ ಸೆರಗಿಗೆ ಸಿಕ್ಕಿಸಿಕೊಂಡು ಮಾತ್ರೆಯ ಡಬ್ಬಿ ತೆರೆದಳು. ಕರಾವಳಿಗೆ ಹೋಗಿದ್ದವರಲ್ಲಿ ಒಬ್ಬ ಅಭ್ಯಾಸದ ಮೇಲೆ ಮುನಿಯನತ್ತ ಕೈಯೊಡ್ಡಿದ. ಇದರಲ್ಲಿ ಪಾಲಿಲ್ಲ ಎಂದು ಗದರಿಸಿದ ಮುನಿಯ, ತನ್ನದನ್ನು ನುಂಗಿ, ನಾಲಿಗೆ ಎತ್ತಿ ತಂಗಿಗೆ ತೋರಿಸಿದ. ಆಮೇಲೆ ಅವಳ ಸೆರಗಿನ ಕಡೆ ನೋಡಿದ.

“ಆ ಕಾಗ್ದದಾಗ ನಂಗೂ ಪಾಲ್ ಕೊಡವ್ವ.”

ಮಾದಿ ನೋಟೀಸಿನ ಹಿಂಬದಿಯಲ್ಲಿ ಉತ್ತರ ಬರೆದಳು: ತಪ್ಪಾಗಿದ್ದು ನಿಜ, ಜ್ವರ ಬಂದಿದ್ದೂ ನಿಜ, ಇನ್ನೂ ಒಂಬತ್ತು ದಿನದ ಮಾತ್ರೆ ಬಾಕಿ ಇದೆ, ಅದು ಮುಗಿಯುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ. ಅವಳ ರುಜುವಿನ ಕೆಳಗೆ ಮುನಿಯ ಹೆಬ್ಬೆಟ್ಟು ಒತ್ತಿದ. ಅವನ ಹಿಂದೆ ಇಡೀ ಪೋಡು ಸಾಲಾಗಿ ನಿಂತಿತ್ತು.